ಸಾಹೇಬರ ಎದೆ, ಕೆಂಚಯ್ಯನ ಓಟ

ಸಾಹೇಬರ ಚೀಲ ಹೊರುವುದು, ಛತ್ರಿ ಹಿಡಿಯುವುದು, ಕ್ಯೂನಲ್ಲಿ ನಿಲ್ಲುವುದು ಎಲ್ಲವೂ ಜವಾನ ಕೆಂಚಯ್ಯನ ಪಾಲು. ಹಾಗಾಗಿ ತಮ್ಮ ಬಡ್ತಿಗೆ ಹೃದಯದ ಟ್ರೆಡ್‌ಮಿಲ್ ಪರೀಕ್ಷೆಯ ವರದಿ ಬೇಕೆಂದಾಗ ಸಾಹೇಬರು, "ನನ್ನ ಹೆಸರು ಹೇಳಿ ನೀನೇ ಓಡಿ ಬಾರೋ, ಕಡ್ಡಿ ಹಾಗಿದ್ದೀಯ" ಎಂದರು.

ಕೆಂಚಯ್ಯ ಒಳಗೊಳಗೇ ನಕ್ಕ. ಸುಸ್ತಾದಂತೆ ನಾಟಕವಾಡಿ ಸಾಹೇಬರಿಗೆ ಬುದ್ಧಿ ಕಲಿಸೋಣ ಎಂದುಕೊಂಡ.

ಆಸ್ಪತ್ರೆಯಲ್ಲಿ ಅವನ ಎದೆಗೆ ವೈರು ಅಂಟಿಸಿದರು. ಕಾಲಡಿಯ ಪಟ್ಟಿ ಓಡತೊಡಗಿತು. ಮೂರು ನಿಮಿಷಕ್ಕೆ ವೇಗವೂ ಹೆಚ್ಚಿತು, ಪಟ್ಟಿಯ ಏರೂ ಕಡಿದಾಯಿತು. ನಾಲ್ಕನೇ ನಿಮಿಷಕ್ಕೇ, ಮೂವತ್ತು ವರ್ಷದ ಬೀಡಿಯ ಕೃಪೆಯಿಂದ, ಕೆಂಚಯ್ಯ ಏದುಸಿರು ಬಿಡುತ್ತಾ ಕಂಬಿ ತಬ್ಬಿಕೊಂಡ. ನಾಟಕಕ್ಕೆ ಅವಕಾಶವೇ ಸಿಗಲಿಲ್ಲ.

ವರದಿ ನೋಡಿ ಸಾಹೇಬರು ಕೆಂಡವಾದರು. "ಹೃದಯಕ್ಕೆ ರಕ್ತ ಸಾಲುತ್ತಿಲ್ಲವಂತೆ, ನನ್ನ ಹೃದಯಕ್ಕೆ! ಓಡಿದ್ದು ನೀನು ಅಂತ ಡಾಕ್ಟರಿಗೆ ಹೇಳು ಹೋಗು!"

"ಹೇಳ್ತೀನಿ ಸಾರ್. 'ನನ್ನ ಬದಲು ಇವನನ್ನು ಓಡಿಸಿದ್ದೆ' ಅಂತ ತಾವು ಎರಡು ಸಾಲು ಬರೆದು ಸೀಲು ಹಾಕಿಕೊಡಿ."

ಸಾಹೇಬರು ತೆಗೆದ ಪೆನ್ನನ್ನು ಹಾಗೇ ಮುಚ್ಚಿದರು. ಮರುದಿನ ತಾವೇ ಹೋಗಿ ಪಟ್ಟಿ ಹತ್ತಿದರು.

ಅವರ ಹಿಂದೆಯೇ ಸರದಿಯಲ್ಲಿ ಕೆಂಚಯ್ಯ, ಈ ಸಲ ಸ್ವಂತ ಹೆಸರು ಬರೆಸಿ ನಿಂತಿದ್ದ. ಇಷ್ಟು ವರ್ಷ ಸಾಹೇಬರ ಚೀಲ ಹೊತ್ತವನಿಗೆ, ತನಗೂ ಒಂದು ಎದೆ ಇದೆ ಎಂದು ಗೊತ್ತಾಗಿದ್ದೇ ಆಗ.