ಎತ್ತಿಗೆ ಕೊಟ್ಟ ಬೆಳಗು

ಒಬ್ಬರಿಗೆ ಕೊಟ್ಟ ಹೊತ್ತನ್ನು ಇನ್ನೊಬ್ಬರಿಗೆ ಕೊಡಬಾರದು. ಕೆರೆಯ ಬಯಲಿನಲ್ಲಿ ಈ ನಿಯಮ ಎಲ್ಲರಿಗೂ ಗೊತ್ತಿತ್ತು. ಆದರೆ ನಿಯಮವೆಂದರೆ ತಮಗಲ್ಲ, ಪಕ್ಕದವರಿಗೆ ಎಂಬುದು ಅಲ್ಲಿನ ವಾಡಿಕೆ.

ಮೈಮೇಲಿನ ಉಣ್ಣಿ ಹೆಕ್ಕಲು ಬಡಕಲು ಎತ್ತಿಗೊಂದು ಹಕ್ಕಿ ಬೇಕಿತ್ತು. "ನಾಳೆ ನೊಗ ಹೂಡುವ ಮುಂಚೆ ಬನ್ನಿ, ನೋಡಿ ಆರಿಸುತ್ತೇನೆ" ಎಂದಿತು. ಬೆಳ್ಳಕ್ಕಿ, ಕಾಜಾಣ, ಗೊರವಂಕ ಮೂರೂ ಒಪ್ಪಿದವು. ಸಂಜೆಗೆ ಕೊಬ್ಬಿದ ಎಮ್ಮೆಯಿಂದಲೂ ಕರೆ ಬಂತು: "ನಾಳೆ ಬೆಳಗ್ಗೆಯೇ ಸಂದರ್ಶನ. ಬಿಸಿಲೇರಿದರೆ ನಾನು ನೀರಿಗಿಳಿದುಬಿಡುತ್ತೇನೆ."

ಬೆಳ್ಳಕ್ಕಿಯೂ ಕಾಜಾಣವೂ ತಕ್ಷಣ ಹ್ಞೂಂ ಎಂದವು. ಗೊರವಂಕ ಮಾತ್ರ ಹಿಂದೆಮುಂದೆ ನೋಡಿತು. ಗೂಡಿನಲ್ಲಿ ಮರಿಗಳು ಹಸಿದಿದ್ದವು. ಎಮ್ಮೆಯ ಬೆನ್ನೆಂದರೆ ಮಳೆಗಾಲವಿಡೀ ಊಟ.

"ಅದಕ್ಕೇಕೆ ಒದ್ದಾಟ, ತಂಗಿ? ಎರಡೂ ಕಡೆ ಹ್ಞೂಂ ಅಂದುಬಿಡು. ಎತ್ತಿಗೆ ಕಾಯುವುದೇನು ಹೊಸತೇ?" ಎಂದಿತು ಬೆಳ್ಳಕ್ಕಿ.

ಗೊರವಂಕ ಎಮ್ಮೆಯ ಮುಂದೆ ಹೋಗಿ ನಿಂತಿತು. "ಎಮ್ಮೆಯಕ್ಕ, ನಾಳಿನ ಬೆಳಗು ಎತ್ತಿನದು. ನಾಡಿದ್ದು ಬರಲೇ?"

"ನಾಡಿದ್ದಿನವರೆಗೆ ನನ್ನ ಬೆನ್ನು ಖಾಲಿ ಬಿದ್ದಿರುತ್ತದೆಯೇ? ಬಂದರೆ ನಾಳೆ ಬಾ, ಇಲ್ಲದಿದ್ದರೆ ಇಲ್ಲ."

"ಹಾಗಾದರೆ ಇಲ್ಲ" ಎಂದಿತು ಗೊರವಂಕ. ಗೂಡಿಗೆ ಮರಳುವಾಗ ಅದಕ್ಕೆ ಒಂದೇ ಯೋಚನೆ. ನಾಳೆ ಎತ್ತೂ ಬೇಡವೆಂದರೆ?

ಬೆಳಗಾಯಿತು. ಎಮ್ಮೆಯ ಬೆನ್ನಿನ ಮೇಲೆ ಬೆಳ್ಳಕ್ಕಿಯೂ ಕಾಜಾಣವೂ ಕಚ್ಚಾಡುತ್ತಿದ್ದವು. ಇತ್ತ ಎತ್ತು ಆಕಾಶ ನೋಡುತ್ತ ನಿಂತಿತ್ತು. ಯಜಮಾನ ಆಗಲೇ ನೊಗ ಹೊತ್ತು ಬರುತ್ತಿದ್ದ. ಗೊರವಂಕ ಎಮ್ಮೆಯ ತಲೆಯ ಮೇಲಿಂದಲೇ ಹಾರಿ ಬಂದು, ಎತ್ತಿನ ಮುಂದೆ ಇಳಿದು ರೆಕ್ಕೆ ಮಡಿಸಿತು.

"ಬಂದಿದ್ದೇನೆ, ಎತ್ತಣ್ಣ. ನೋಡಬಹುದು."