ನೀರು ಇಳಿಯದ ಪೀಠ

"ಗುರುಗಳೇ, ನನ್ನ ಮಾತಿನಲ್ಲಿ ಒಂದೇ ಒಂದು ತಪ್ಪು ಹುಡುಕಿ ತೋರಿಸಿ ನೋಡೋಣ. ಸಿಗುವುದಿಲ್ಲ. ಹಾಗಿದ್ದೂ ಕೇಳಲು ಕೂತವರು ನಡುವೆಯೇ ಎದ್ದು ಹೋಗುತ್ತಾರಲ್ಲ, ಯಾಕೆ?"

ಕೇಳಿದವನು ಮಠದ ಕಿರಿಯ ಶಿಷ್ಯ ರೇವಣಯ್ಯ. ಸುತ್ತಲಿನ ಊರುಗಳಿಗೆ ಹೋಗಿ ಜನರಿಗೆ ನಾಲ್ಕು ಒಳ್ಳೆಯ ಮಾತು ಹೇಳಿ ಬರುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು. ಯಾರಾದರೂ ಸಂದೇಹ ಎತ್ತಿದರೆ ಅವರ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುತ್ತಿದ್ದ. ಉತ್ತರ ಸರಿಯಾಗಿಯೇ ಇರುತ್ತಿತ್ತು. ಮೂರನೆಯ ಊರಿನಲ್ಲಿ ಕೊನೆಯವರೆಗೂ ಕೂತಿದ್ದವನು ಒಬ್ಬನೇ, ಅವನೂ ಚಾಪೆ ಸುತ್ತಲು ಕಾದಿದ್ದವನು.

ಗುರುಗಳು ಅವನನ್ನು ಕೂರಿಸಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಗಿ ಇದ್ದ. ಸುತ್ತ ಹದಿನಾರು ಊರಿನಲ್ಲಿ ತನ್ನಂಥ ಕೈ ಇನ್ನೊಂದಿಲ್ಲ ಎಂದು ಅವನು ಹೇಳುತ್ತಿದ್ದ. ಬೇರೆಯವರೂ ಹೇಳುತ್ತಿದ್ದರು, ಅವನಷ್ಟು ಸಲ ಅಲ್ಲ.

ಅವನ ಮನೆತನದವರು ದನಗಳಿಗೆ ನೀರು ಕುಡಿಸುವ ಮರದ ತೊಟ್ಟಿ ಮಾಡಿಕೊಂಡು ಬಂದವರು. ತೊಟ್ಟಿ ಮುಗಿದ ದಿನ, ಮಾಡಿಸಿದವರನ್ನು ಕರೆದು ಅವರೆದುರೇ ಹಲಗೆ ಕೂಡಿದ ಜಾಗಕ್ಕೆ ಒಂದು ಕೊಡ ನೀರು ಸುರಿಯುವುದು ಆ ಮನೆಯ ಪದ್ಧತಿ. ಕೆಳಗೆ ಒಂದು ಹನಿ ಬಿದ್ದರೂ ಆ ಕೆಲಸ ಮನೆಯಿಂದ ಆಚೆ ಹೋಗುವಂತಿಲ್ಲ. ಅಜ್ಜನ ಕಾಲದಿಂದ ಒಂದು ಹನಿಯೂ ಬಿದ್ದಿರಲಿಲ್ಲ. ತೊಟ್ಟಿಯ ಕಾಲ ಮುಗಿದು ಬಾಗಿಲು, ಮಂಚ, ಕಪಾಟು ಮಾಡುವ ಕಾಲ ಬಂತು. ಬಡಗಿ ಮಾತ್ರ ನೀರು ಸುರಿಯುವುದನ್ನು ಬಿಡಲಿಲ್ಲ. ಮಂಚದ ಕಾಲಿಗೂ ಸುರಿದು ತೋರಿಸುತ್ತಿದ್ದ.

ಆ ಊರಿನ ಮೇಷ್ಟ್ರು ಹೆಂಗಸರಿಗೆಂದು ಸಂಜೆ ಶಾಲೆ ನಡೆಸುತ್ತಿದ್ದರು. ಬಡಗಿಯ ಹೆಂಡತಿಯೂ ಹೋಗುತ್ತಿದ್ದಳು. ಮನೆಯಲ್ಲಿ ಅವಳು ಒಲೆಯ ಮುಂದೆ ಕೂತು ಒಂದೊಂದೇ ಅಕ್ಷರ ಕೂಡಿಸಿ ಓದುವಾಗ ಬಡಗಿ ಹಿಂದಿನಿಂದ ಬಗ್ಗಿ ನೋಡಿ ಆ ಪದ ಹೇಳಿಬಿಡುತ್ತಿದ್ದ. ಅವಳು ಮೊದಲ ಅಕ್ಷರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅವನು ಸಾಲಿನ ಕೊನೆಗೆ ಹೋಗಿರುತ್ತಿದ್ದ. ಸಹಾಯ ಮಾಡುತ್ತಿದ್ದೇನೆ ಎಂದೇ ಅವನ ಎಣಿಕೆ. ಎಂಟು ದಿನ ಹೀಗಾಯಿತು. ಆಮೇಲೆ ಅವನು ಮನೆಯಲ್ಲಿದ್ದಾಗ ಅವಳು ಪುಸ್ತಕ ತೆಗೆಯುವುದನ್ನೇ ಬಿಟ್ಟಳು. ಅದು ಅವನ ಗಮನಕ್ಕೆ ಬರಲಿಲ್ಲ.

ವರ್ಷ ತುಂಬುತ್ತಿದ್ದಂತೆ ಮೇಷ್ಟ್ರು ಒಂದು ದಿನ ಗೊತ್ತುಮಾಡಿದರು. ಕಲಿತ ಹನ್ನೊಂದು ಮಂದಿ ಹೆಂಗಸರೂ ಊರ ಮುಂದೆ ನಿಂತು ಒಂದೊಂದು ಪುಟ ಓದಬೇಕು. ನಿಂತು ಓದಲು ಒಂದು ಪೋಡಿಯಂ ಬೇಕು. ಆದರೆ ಪಟ್ಟಣದಲ್ಲಿ ಸಿಗುವುದು ಒಂದೇ ಎತ್ತರದ್ದು ಎಂದು ಮೇಷ್ಟ್ರು ಪೇಚಾಡಿದರು. ಮೊದಲು ಮಾತನಾಡುವ ಊರಗೌಡ ಆರಡಿ ಆಳು. ಬಡಗಿಯ ಹೆಂಡತಿ ಎಲ್ಲರಿಗಿಂತ ಕುಳ್ಳಿ. ಬಡಗಿ ಅದನ್ನು ಕೇಳಿ ನಕ್ಕ. ಪಟ್ಟಣದವರಿಗೆ ಬಾರದಿದ್ದರೆ ಬಿಡಿ, ಏರುವ ಇಳಿಯುವ ಪೀಠವನ್ನು ನನ್ನ ಮನೆಯ ಜಗುಲಿಯಲ್ಲೇ ಕೂತು ಮಾಡಿಕೊಡುತ್ತೇನೆ ಎಂದ.

ಆರು ದಿನ ಕೂತು ಮಾಡಿದ. ಬುಡಕ್ಕೆ ಅಡ್ಡಡ್ಡ ಎರಡು ದಿಮ್ಮಿ. ಅದರ ಮೇಲೆ ನಾಲ್ಕು ಹಲಗೆ ಕೂಡಿಸಿದ ಉದ್ದನೆಯ ಗೂಡು. ಗೂಡಿನೊಳಗೆ ಏರಿಳಿಯುವ ಚೌಕದ ಕಂಬ. ಕಂಬದಲ್ಲಿ ಬೆರಳು ಗಾತ್ರದ ಏಳು ತೂತು. ಬೇಕಾದ ತೂತಿಗೆ ಹೊರಗಿನಿಂದ ಗೂಟ ಚುಚ್ಚಿದರೆ ಕಂಬ ಅಲ್ಲಿ ನಿಲ್ಲುತ್ತದೆ. ಕಂಬದ ತಲೆಯ ಮೇಲೆ ಪುಸ್ತಕ ಇಡಲು ಓರೆ ಹಲಗೆ.

ಏಳು ತೂತಿನಲ್ಲಿ ಆರನ್ನು ಅಂದಾಜಿನಲ್ಲಿ ಕೊರೆದ. ಪೀಠವನ್ನು ಎಲ್ಲಕ್ಕಿಂತ ಕೆಳಗೆ ನಿಲ್ಲಿಸುವ ಏಳನೆಯದಕ್ಕೆ ಮಾತ್ರ ಹೆಂಡತಿಯನ್ನು ಕರೆದು ನಿಲ್ಲಿಸಿ, ಅವಳ ಎದೆಮಟ್ಟ ಅಳೆದು ಗುರುತು ಹಾಕಿದ. ಮನೆಯ ಕಪಾಟು, ಉಪ್ಪಿನ ಮರಿಗೆ ಇಡುವ ಹಲಗೆ, ದೇವರ ಮಂಟಪ, ಎಲ್ಲವೂ ಅವನ ಕೈ ಎತ್ತರಕ್ಕೇ ಇದ್ದವು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವಳ ಅಳತೆ ಹಿಡಿದು ಮಾಡಿದ ಮೊದಲ ಸಾಮಾನು ಅದು. ಅಷ್ಟು ಕೆಳಕ್ಕೆ ನಿಜವಾಗಿ ಇಳಿಯುತ್ತದೆಯೇ ಎಂದು ಅವಳು ಕೇಳಿದಳು. ಕೇಳುವುದೇನು ಬಂತು, ನಿನಗೆಂದೇ ಇಳಿಯುತ್ತದೆ ಎಂದ.

ಓದುವ ದಿನದ ಹಿಂದಿನ ದಿನ ಪೀಠವನ್ನು ಶಾಲೆಯ ಅಂಗಳಕ್ಕೆ ತಂದು ಊರವರನ್ನು ಕರೆದ. ಕಂಬ ಗೂಡಿನೊಳಗೆ ಎಷ್ಟು ಬಿಗಿಯಾಗಿತ್ತೆಂದರೆ ಗೌಡನ ಎತ್ತರಕ್ಕೆ ಏರಿಸಲು ಇಬ್ಬರು ಜಗ್ಗಬೇಕಾಯಿತು. ಬಡಗಿಗೆ ಅದೂ ಹೆಮ್ಮೆಯೇ. ಸಂದು ಹುಡುಕಿ ತೋರಿಸಿ ನೋಡೋಣ ಎಂದು ಎಲ್ಲರಿಗೂ ಸವಾಲು ಹಾಕಿದ. ಮನೆತನದ ಪದ್ಧತಿಯಂತೆ, ಕಂಬ ಗೂಡನ್ನು ಸೇರುವ ಬಾಯಿಗೆ ಒಂದು ಕೊಡ ನೀರು ಸುರಿದ. ಕೆಳಗಿನಿಂದ ಒಂದು ಹನಿಯೂ ಬೀಳಲಿಲ್ಲ. ಜನ ತಲೆದೂಗಿದರು. ಒಳಗೆ ಹೋದ ಅಷ್ಟಿಷ್ಟು ನೀರನ್ನು ಮರ ಕುಡಿಯುತ್ತಾ ಕೂತಿತು.

ಬೆಳಗ್ಗೆ ಗೌಡ ಮಾತನಾಡಿದ. ಪೀಠ ಅವನ ಎದೆಗೆ ಸರಿಯಾಗಿ ನಿಂತಿತ್ತು. ಎಲ್ಲರೂ ಬಡಗಿಯ ಕಡೆ ನೋಡಿದರು, ಬಡಗಿ ಮೀಸೆ ತಿರುವಿದ. ಆಮೇಲೆ ಮೇಷ್ಟ್ರು ಮೊದಲ ಹೆಸರು ಕೂಗಿದರು, ಈರಮ್ಮ. ಬಡಗಿಯ ಹೆಂಡತಿ ಪುಸ್ತಕ ಎದೆಗೆ ಒತ್ತಿಕೊಂಡು ಬಂದು ನಿಂತಳು. ಪೀಠದ ಹಿಂದೆ ಅವಳ ತಲೆ ಮಾತ್ರ ಕಾಣುತ್ತಿತ್ತು.

ಬಡಗಿ ಗೂಟ ಎಳೆದ. ಕಂಬ ಇಳಿಯಲಿಲ್ಲ. ಎರಡು ಕೈಯಲ್ಲಿ ಅದುಮಿದ. ಮೇಲೆ ಭಾರ ಬಿಟ್ಟ. ಕೊಡತಿ ತಂದು ಹೊಡೆದ. ನೀರು ಕುಡಿದ ಮರ ಊದಿಕೊಂಡು ಗೂಡನ್ನು ಕಚ್ಚಿ ಹಿಡಿದಿತ್ತು.

ಸಾಲಿನಲ್ಲಿ ಕೂತಿದ್ದ ನೇಕಾರನೊಬ್ಬ ಗಂಟಲು ಸರಿಮಾಡಿಕೊಂಡ. "ಆಚಾರಿ, ನಿನ್ನೆ ನೀರು ಇಳಿಯಲಿಲ್ಲ. ಇವತ್ತು ಪೀಠವೂ ಇಳಿಯಲಿಲ್ಲ. ಒಳ್ಳೆ ಬಿಗಿ ಬಿಡು."

ಜನ ನಕ್ಕರು. ಯಾರೋ ಒಂದು ಮಣೆ ತಂದಿಟ್ಟು, ಅದರ ಮೇಲೆ ಹತ್ತಿ ಓದವ್ವ ಎಂದರು. ಅವಳು ಮಣೆಯನ್ನು ನೋಡಿದಳು, ಗಂಡನನ್ನು ನೋಡಿದಳು.

"ನಾನು ಮಣೆ ಹತ್ತುವುದಿಲ್ಲ. ನನ್ನ ಅಳತೆ ಹಿಡಿದು ಮಾಡಿದ್ದೇನೆ ಅಂದಿರಿ. ಇಳಿಸಿದರೆ ಓದುತ್ತೇನೆ, ಇಲ್ಲದಿದ್ದರೆ ಪುಸ್ತಕ ಮೇಷ್ಟ್ರಿಗೆ ಕೊಟ್ಟು ಮನೆಗೆ ಹೋಗುತ್ತೇನೆ."

ದನಿ ಎತ್ತಿ ಹೇಳಿದ ಮಾತಲ್ಲ ಅದು. ಬಡಗಿಗೆ ಗೊತ್ತಾಯಿತು, ಇವಳು ಈಗ ಮನೆಗೆ ಹೋದರೆ ಇನ್ನು ಯಾವತ್ತೂ ಪುಸ್ತಕ ಮುಟ್ಟುವವಳಲ್ಲ. ಬಿಸಿಲಿಗಿಟ್ಟರೆ ಎರಡು ದಿನದಲ್ಲಿ ಕಂಬ ತಾನಾಗಿ ಸಡಿಲವಾಗುತ್ತದೆ, ಅವನ ಕೆಲಸಕ್ಕೆ ಒಂದು ಗೀರೂ ಬೀಳುವುದಿಲ್ಲ. ಅವಳು ಎರಡು ದಿನ ನಿಲ್ಲುವುದಿಲ್ಲ.

ಅವನು ಪೀಠವನ್ನು ಅಂಗಳದಲ್ಲಿ ಮಲಗಿಸಿದ. ಗೂಡಿನ ಒಂದು ಹಲಗೆಯ ಮೊಳೆ ಕಿತ್ತು ಕಂಬವನ್ನು ಹೊರಗೆ ತೆಗೆದ. ಹತರಿ ತರಿಸಿ, ಊರೆಲ್ಲ ನೋಡುತ್ತಿರುವಾಗ, ತಾನೇ ಕನ್ನಡಿಯ ಹಾಗೆ ನಯಮಾಡಿದ್ದ ಕಂಬದ ಮೈಯನ್ನು ಹೆರೆಯತೊಡಗಿದ. ಮೊದಲ ಎಳೆತಕ್ಕೆ ಅವನ ಕೈ ಒಪ್ಪಲಿಲ್ಲ. ಕಲಿತಾಗಿನಿಂದ ಅವನು ಹೆರೆದದ್ದೆಲ್ಲ ಬಿಗಿ ಮಾಡಲು. ಸಡಿಲ ಮಾಡಲು ಹೆರೆದದ್ದು ಅದೇ ಮೊದಲು. ಒಂದು ಮೈ ಹೆರೆದ, ಇನ್ನೊಂದು ಹೆರೆದ. ತೇವದ ಸಿಪ್ಪೆ ಸುರುಳಿಯಾಗಿ ಕಾಲ ಬಳಿ ಬಿದ್ದಿತು. ಹನ್ನೊಂದು ಮಂದಿ ಹೆಂಗಸರೂ ಕಾದರು. ಈರಮ್ಮ ನಿಂತಲ್ಲಿಂದ ಕದಲಲಿಲ್ಲ.

ಕಂಬವನ್ನು ಮತ್ತೆ ಗೂಡಿಗಿಟ್ಟು ಹಲಗೆ ಮುಚ್ಚಿ ಪೀಠ ನಿಲ್ಲಿಸಿದಾಗ ಸಂದಿನಲ್ಲಿ ಬೆಳಕು ಕಾಣುತ್ತಿತ್ತು. ಏಳನೆಯ ತೂತಿಗೆ ಗೂಟ ಹಾಕಿ ಕೈ ಬಿಟ್ಟ. ಕಂಬ ತಾನಾಗಿ ಇಳಿದು ಅವಳ ಎದೆಮಟ್ಟಕ್ಕೆ ನಿಂತಿತು. ಪುಸ್ತಕ ಇಟ್ಟಾಗ ಓರೆ ಹಲಗೆ ಸ್ವಲ್ಪ ಅಲುಗಿತು.

ಅಲ್ಲಾಡುತ್ತದಲ್ಲ ಆಚಾರಿ ಎಂದ ನೇಕಾರ.

"ಅಲ್ಲಾಡಲಿ," ಎಂದ ಬಡಗಿ.

ಅವಳು ಓದಿದಳು. ಬಾವಿ ತೋಡುವವರ ಪಾಠ. ಒಂದೊಂದೇ ಪದ, ನಡುವೆ ಒಂದೊಂದು ಉಸಿರು. ನಾಲ್ಕನೆಯ ಸಾಲಿನಲ್ಲಿ 'ಅಂತರ್ಜಲ' ಎಂಬ ಪದ ಬಂತು. ಅವಳು 'ಅಂತ' ಎಂದು ನಿಂತುಬಿಟ್ಟಳು. ಪಕ್ಕದಲ್ಲೇ ನಿಂತಿದ್ದ ಬಡಗಿಯ ನಾಲಿಗೆಯ ತುದಿಗೆ ಪದ ಬಂದು ಕೂತಿತ್ತು, ಬಾಯಿಯೂ ತೆರೆದಿತ್ತು. ಅವನ ಕೈಯಲ್ಲಿ ಹತರಿ ಇನ್ನೂ ಇತ್ತು. ಅದನ್ನೊಮ್ಮೆ ನೋಡಿದ. ಬಾಯಿ ಮುಚ್ಚಿದ. ಅಷ್ಟು ಹೊತ್ತು ಅವನು ಮಾತಿಲ್ಲದೆ ನಿಂತದ್ದನ್ನು ಆ ಊರು ಅದುವರೆಗೆ ನೋಡಿರಲಿಲ್ಲ.

ಅವಳು ಬೆರಳಿಟ್ಟು ಮತ್ತೊಮ್ಮೆ ಮೊದಲಿಂದ ಕೂಡಿಸಿದಳು. ಪದ ಪೂರ್ತಿ ಬಂತು. ಪುಟ ಮುಗಿಯುವವರೆಗೆ ಮತ್ತೆ ಎಲ್ಲಿಯೂ ನಿಲ್ಲಲಿಲ್ಲ.

ಆ ಸಂಜೆ ಅವಳು ಗಂಡನ ಎದುರಿಗೇ ಪುಸ್ತಕ ತೆಗೆದಳು. ಅವನು ಗೋಡೆಗೆ ಒರಗಿ ಕೂತು, ಮುಂದಿನ ಪದ ಅವಳ ಬಾಯಿಂದಲೇ ಬರಲಿ ಎಂದು ಕಾದ. ಮರುದಿನ ಉಪ್ಪಿನ ಮರಿಗೆಯ ಹಲಗೆಯನ್ನು ಕಿತ್ತು ಒಂದು ಮೊಳ ಕೆಳಗೆ ಹೊಡೆದ.

ಗುರುಗಳು ಕತೆ ನಿಲ್ಲಿಸಿದರು. ರೇವಣಯ್ಯ ಆಗಲೇ ತನ್ನ ಮುಂದಿನ ಮಾತಿಗೆ ಸಿದ್ಧನಾಗಿದ್ದ.

"ಒಪ್ಪಿದೆ ಗುರುಗಳೇ. ಆದರೆ ಸಂದೇ ಇಲ್ಲದ ಹಾಗೆ ಕೂಡಿಸಿದ ಕೆಲಸ ಅದು. ಅದರಲ್ಲಿ ತಪ್ಪೇನಿತ್ತು ಹೇಳಿ?"

"ಏನೂ ಇರಲಿಲ್ಲ, ನಿನ್ನ ಮಾತಿನಲ್ಲಿ ಇಲ್ಲದ ಹಾಗೆಯೇ," ಎಂದರು ಗುರುಗಳು.

ರೇವಣಯ್ಯನ ಬಾಯಿಗೆ ಒಂದು ಉತ್ತರ ಬಂದಿತ್ತು. ಅವನು ಅದನ್ನು ಹೇಳಲಿಲ್ಲ.