ಫಕೀರವ್ವ ತನ್ನ ಹೆಸರು ಹೇಳಿದ್ದು

ಬಹಳ ಹಿಂದೆ ಒಂದೂರಿತ್ತು. ಊರಿಗೆ ಹೆಸರಿತ್ತು, ಎತ್ತುಗಳಿಗೂ ಹೆಸರಿತ್ತು, ಹೆಂಗಸರಿಗೆ ಮಾತ್ರ ಇದ್ದೂ ಇರಲಿಲ್ಲ. ಇಂಥವನ ಮಗಳು, ಇಂಥವನ ಹೆಂಡತಿ, ಇಂಥವನ ತಾಯಿ. ಅಷ್ಟರಲ್ಲೇ ಆಯುಷ್ಯ ತೀರುತ್ತಿತ್ತು. ಮದುವೆಯಾಗಿ ಬಂದವಳನ್ನು ಹೊಸ್ತಿಲಲ್ಲಿ ತಡೆದು ಒಡಪು ಹೇಳು ಅನ್ನುತ್ತಿದ್ದರು. ಒಡಪು ಅಂದರೆ ಎರಡು ಸಾಲಿನ ಪದ, ಕೊನೆಯಲ್ಲಿ ಗಂಡನ ಹೆಸರು. ಹೇಳಿದರೆ ಬಾಗಿಲು ಬಿಡುತ್ತಿದ್ದರು. ನಿನ್ನ ಹೆಸರೇನವ್ವಾ ಅಂತ ಒಬ್ಬರೂ ಕೇಳುತ್ತಿರಲಿಲ್ಲ.

ಆ ಊರಲ್ಲಿ ಫಕೀರವ್ವ ಅನ್ನುವವಳು ಇದ್ದಳು, ಅಂತಾರೆ. ಒಣಮೆಣಸಿನಕಾಯಿಯ ಅಂಗಳದಲ್ಲಿ ತೊಟ್ಟು ಮುರಿಯುವುದು ಅವಳ ಕೆಲಸ. ಘಾಟಿಗೆ ಉಳಿದವರ ಗಂಟಲು ಕಟ್ಟಿತು, ಅವಳ ಗಂಟಲು ಬಿಚ್ಚಿತು, ಅಂತಾರೆ. ಅವಳು ಹಾಡಿದರೆ ರಸ್ತೆಯಲ್ಲಿ ಎತ್ತಿನ ಗಾಡಿ ನಿಲ್ಲುತ್ತಿತ್ತು, ಅಂತಾರೆ. ಎತ್ತು ನಿಂತಿತೋ ಗಾಡಿಯವನೇ ನಿಲ್ಲಿಸಿದನೋ, ನಾನು ಕಂಡಿಲ್ಲ. ಕೈ ಬೇಗ ಆಡಲಿ ಅಂತ ಒಂದು ಪದವನ್ನು ಅವಳೇ ಕಟ್ಟಿದ್ದಳು. ಅದನ್ನು ದಿನವೂ ಹಾಡುತ್ತಿದ್ದಳು.

ಅಳಿಯಂದಿರು ಮಾವನ ಮನೆಯಿಂದ ವರದಕ್ಷಿಣೆಗೆ ಟ್ರಾನ್ಸಿಸ್ಟರ್ ಕೇಳುತ್ತಿದ್ದ ಕಾಲ ಅದು. ಪೇಟೆಯಲ್ಲಿ ಗ್ರಾಮಫೋನಿಗೆ ಹಾಡಿನ ಪ್ಲೇಟು ಮಾಡಿಸುವ ಒಬ್ಬ ಸಾವಕಾರನಿದ್ದ. ಅವನ ಹತ್ತಿರ ಗಿಟಾರಿತ್ತು, ಅಕಾರ್ಡಿಯನ್ ಇತ್ತು, ಹಣೆಯ ಮೇಲೆ ಕೂದಲು ಇಳಿಬಿಟ್ಟ ಬಿಗಿ ಪ್ಯಾಂಟಿನ ಹುಡುಗರೂ ಇದ್ದರು. ಹಾಡು ಮಾತ್ರ ಇರಲಿಲ್ಲ. ಒಂದು ದಿನ ಅಂಗಳದ ಪಕ್ಕ ಹೋಗುವಾಗ ಈ ಪದ ಕೇಳಿ, ಕಾರು ನಿಲ್ಲಿಸಿ, ಸೀನುತ್ತ ಸೀನುತ್ತ ಒಳಗೆ ಬಂದನಂತೆ. ಹಾಡೂ ಬೇಕು, ಗಂಟಲೂ ಬೇಕು ಅಂದನಂತೆ. ಫಕೀರವ್ವ ಒಪ್ಪಿದ ಮೇಲೆ ಹೇಳಿದ, ಪ್ಲೇಟಿನ ಮೇಲೆ ಹೆಸರು ಕುಮಾರಿ ಮಂಜರಿ ಅಂತ ಇರುತ್ತದೆ, ಫಕೀರವ್ವ ಅಂದರೆ ಯಾರು ಕೊಳ್ಳುತ್ತಾರೆ ಅಂತ.

ಹಾಡು ಊರೂರು ತಿರುಗುತ್ತದೆ, ತಾನು ಮಾತ್ರ ಇಂಥವನ ಹೆಂಡತಿಯಾಗಿ ಅಂಗಳದಲ್ಲೇ ಕೂತಿರುತ್ತೇನೆ ಅಂತ ಅವಳಿಗೆ ಆಗ ಗೊತ್ತಾಯಿತು. ಮನೆಗೆ ಹೋಗಿ, ಪ್ಲೇಟಿಗೆ ನನ್ನ ಹೆಸರೇ ಬೇಕು ಅಂದಳು. ಗಂಡ ಚನ್ನವೀರನಿಗೆ ನಗು.

"ಹೆಸರು ತಗೊಂಡು ಏನ ಮಾಡ್ತಿ? ಉಪ್ಪಿನಕಾಯಿ ಹಾಕ್ತಿಯೇನು?"

"ಹಾಕ್ತೀನಿ. ಮೊದಲು ನಿನ್ನ ತಾಟಿಗೇ ಬಡಸ್ತೀನಿ."

ಕೆಲಸದ ಸೀರೆಯಲ್ಲೇ ಪೇಟೆಗೆ ಹೋದಳು, ಅಂತಾರೆ. ಸೆರಗಿನ ತುಂಬ ಮೆಣಸಿನಕಾಯಿಯ ಪುಡಿ. ಹಾಡು ಹಿಡಿಯುವ ಕೋಣೆಗೆ ಕಿಟಕಿ ಇರಲಿಲ್ಲ, ಗಾಳಿಯೂ ಇರಲಿಲ್ಲ. ಕೆಂಪು ದೀಪ ಹತ್ತಿತು. ಗಿಟಾರು ಶುರುವಾಯಿತು, ಅವಳೂ ಶುರುಮಾಡಿದಳು. ಎಲ್ಲ ಸರಿಯಾಗಿಯೇ ನಡೆದಿತ್ತು. ಕೊನೆಯ ನುಡಿ ಬಂತು ನೋಡಿ, ಅಂಗಳದಲ್ಲಿ ಯಾವತ್ತೂ ಹಾಡದ ಎರಡು ಸಾಲು ಹಾಡಿದಳು:

ಕೆಂಪು ಮೆಣಸಿನಕಾಯಿ, ಕೆಂಪಾದಾವ ಕಣ್ಣ
ಹಾಡಿದಾಕಿ ಯಾರಂದರ ಫಕೀರವ್ವ ಅಣ್ಣ

ಗಂಡನ ಹೆಸರು ಬರಬೇಕಾದ ಜಾಗದಲ್ಲಿ ತನ್ನ ಹೆಸರು! ಇಂಥ ಒಡಪನ್ನು ಯಾರೂ ಕೇಳಿರಲಿಲ್ಲ. ಸಾವಕಾರ ಆ ನುಡಿ ಬೇಡ ಅಂದ, ಮತ್ತೆ ಹಾಡಿಸಿದ. ಬೇಡ ಅಂದ ನುಡಿ ಬಿಟ್ಟಳು, ಅದೇ ಎರಡು ಸಾಲನ್ನು ನಡುವಿನ ನುಡಿಗೆ ಸೇರಿಸಿದಳು. ಅದನ್ನೂ ಬೇಡ ಅಂದ. ಮೂರನೆಯ ಸಲ ಪಲ್ಲವಿಗೇ ಸೇರಿಸಿಬಿಟ್ಟಳು. ಪಲ್ಲವಿ ಅಂದರೆ ಬಿಟ್ಟರೂ ಬಿಡದ್ದು, ನುಡಿ ಮುಗಿದಾಗೆಲ್ಲ ತಿರುಗಿ ಬರುತ್ತದೆ. ಸಾವಕಾರ ಗಾಜಿನ ಗೋಡೆಯಾಚೆಯಿಂದ ಓಡಿಬಂದ.

"ಏ ಇವಳೇ, ಹೇಳಿದ್ದು ತಿಳೀಲಿಲ್ಲೇನು?"

"ಇವಳೇ ಅನಬ್ಯಾಡ್ರೀ ಸಾವಕಾರ್ರ. ಮೂರು ಸಲ ಹೆಸರು ಹೇಳೀನಿ, ಇನ್ನೂ ನಾಲಿಗಿಗೆ ಬರಲಿಲ್ಲೇನು?"

ಬೇರೆ ಹುಡುಗಿಯನ್ನು ಕರೆಸಿ ಹಾಡಿಸಿದನಂತೆ. ಸಜ್ಜಕದ ಹಾಗೆ ಸಿಹಿಯಾಗಿ ಹಾಡಿದಳಂತೆ. ಮೆಣಸಿನಕಾಯಿ ಪದಕ್ಕೆ ಸಜ್ಜಕ ಯಾರಿಗೆ ಬೇಕು? ಬಾರಿಸುವ ಹುಡುಗರೇ ವಾದ್ಯ ಕೆಳಗಿಟ್ಟು ಫಕೀರವ್ವನೇ ಬೇಕು ಅಂದರಂತೆ. ಕೊನೆಗೆ ಸಾವಕಾರ ಲೆಕ್ಕ ಹಾಕಿದ. ಮೇಲೆ ಅಚ್ಚು ಹಾಕಿದ ಹೆಸರು ಮಂಜರಿಯದು. ಕುಣಿಯುವವರು ಕುಣಿಯುತ್ತಾರೆ, ಪದದ ಮಾತು ಯಾರು ಕೇಳುತ್ತಾರೆ? ಹಾಗಂದುಕೊಂಡು ಮೂರನೆಯ ಸಲದ್ದನ್ನೇ ಪ್ಲೇಟು ಮಾಡಿಸಿದ. ಅದರಲ್ಲಿ ಎರಡನೆಯ ನುಡಿ ಮುಗಿದ ಕೂಡಲೇ ಅಕಾರ್ಡಿಯನ್ನಿನ ಹುಡುಗ ಸೀನಿದ್ದಾನೆ. ಅವಳ ಸೆರಗಿನ ಘಾಟು! ಅದೂ ಹಾಗೇ ಉಳಿಯಿತು.

ಪ್ಲೇಟು ತಿರುಗುವಾಗ ಮೇಲಿನ ಅಕ್ಷರ ಓದಲು ಯಾರಿಂದಾಗುತ್ತದೆ? ಚಹಾದಂಗಡಿಯಲ್ಲಿ, ಮದುವೆಯ ಮೈಕಿನಲ್ಲಿ, ಅಳಿಯಂದಿರ ಟ್ರಾನ್ಸಿಸ್ಟರಿನಲ್ಲಿ ಮತ್ತೆ ಮತ್ತೆ ಒಂದೇ ಹೆಸರು. ಜನ ಅಂಗಡಿಗೆ ಬಂದು ಫಕೀರವ್ವನ ಪ್ಲೇಟು ಕೊಡಿ ಅನ್ನುತ್ತಿದ್ದರು. ಮಂಜರಿಯ ಹೆಸರಿನದು ಕೈಗಿಟ್ಟರೆ ಇದಲ್ಲ ಅಂತ ಜಗಳಕ್ಕೆ ನಿಲ್ಲುತ್ತಿದ್ದರು. ಚನ್ನವೀರನನ್ನು ಊರಿನವರು ಫಕೀರವ್ವನ ಗಂಡ ಅಂತ ಕರೆಯತೊಡಗಿದರು. ಉಪ್ಪಿನಕಾಯಿ ಅವನ ತಾಟಿಗೆ ಬಂದದ್ದು ಹೀಗೆ.

ಅವಳು ಹೋಗಿ ಎಷ್ಟೋ ಕಾಲವಾಯಿತು. ಆ ಪ್ಲೇಟುಗಳೂ ಒಡೆದವು. ಆದರೆ ಆ ಊರಲ್ಲಿ ಇವತ್ತಿಗೂ ಹೊಸ ಸೊಸೆ ಹೊಸ್ತಿಲಿಗೆ ಬಂದರೆ ಮೊದಲು ತನ್ನದೇ ಹೆಸರಿನ ಒಡಪು ಹೇಳಬೇಕು. ಹೇಳದಿದ್ದರೆ ಬಾಗಿಲು ಬಿಡುವುದಿಲ್ಲ. ಗಂಡನ ಹೆಸರು ಆಮೇಲೆ, ನೆನಪಾದರೆ. ಬೀಗರ ಕಡೆಯ ದೊಡ್ಡವರು ಯಾರಾದರೂ ಇದೇನು ಹೊಸ ಪದ್ಧತಿ ಅಂತ ಮೂಗು ಮುರಿದರೆ, ಬಾಗಿಲಲ್ಲಿ ನಿಂತ ಹೆಂಗಸರು ಎಲ್ಲರೂ ಸೆರಗು ಕೊಡವಿ, ಒಂದೇ ಸಲ ಜೋರಾಗಿ ಸೀನುತ್ತಾರೆ.